ಬಿಲ್ಲು ಆರಿಸುವುದರಲ್ಲಿ ನಾನು ಪಂಡಿತ

ಬಿಲ್ಲನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದೆ ಬಿಲ್ವಿದ್ಯೆಯಲ್ಲಿ ಪಂಡಿತನಾಗಲು ಎಷ್ಟು ದಿನ ಬೇಕು? ನನಗೆ ಹನ್ನೊಂದು ದಿನ ಸಾಕಾಯಿತು. ಅದೂ ಕಚೇರಿಯ ಮೀಟಿಂಗುಗಳ ನಡುವೆ, ಕ್ಯಾಮೆರಾ ಆಫ್ ಮಾಡಿಕೊಂಡು.

ಅದು ಕೊರೊನಾದ ಮೊದಲ ವಸಂತ. ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ನಮ್ಮ ಕಚೇರಿ ಮುಚ್ಚಿ, ಎಂಜಿನಿಯರುಗಳೆಲ್ಲ ಅವರವರ ಮನೆಯ ಊಟದ ಮೇಜಿಗೆ ವರ್ಗವಾಗಿದ್ದೆವು. ಬೆಸ್ಟ್ ಊರಿನ ನಮ್ಮ ಬೀದಿಯಲ್ಲಿ ಪ್ರತಿಯೊಬ್ಬರೂ ಏನಾದರೊಂದು ಹೊಸದು ಶುರು ಮಾಡಿದ್ದರು. ನೈಮೆಗನ್ನಿನಲ್ಲಿದ್ದ ಗೆಳೆಯ ಸುದರ್ಶನ ಓಡಲು ಶುರು ಮಾಡಿ, ದಿನಾ ಬೆಳಿಗ್ಗೆ ತನ್ನ ಬೆವರಿನ ಫೋಟೊ ಕಳಿಸುತ್ತಿದ್ದ. ಓಡುವುದಕ್ಕೆ ಕಾಲಿದ್ದರೆ ಸಾಕು, ತಲೆ ಬೇಡ ಎಂಬುದು ನನ್ನ ಅಭಿಪ್ರಾಯ. ನನ್ನಂಥವನಿಗೆ ತಲೆಯೂ ಬೇಕಾಗುವ ಹವ್ಯಾಸವೇ ತಕ್ಕದ್ದು. ಬಿಲ್ಲುಗಾರಿಕೆ ಎಂದು ತೀರ್ಮಾನಿಸಿದೆ. ಮೊದಲು ಗುರಿಗೆ ಹೊಡೆಯುವುದು. ಕೈ ಕುದುರಿದ ಮೇಲೆ ಕಾಡುಹಂದಿ ಬೇಟೆ.

ಈ ಯೋಜನೆಯನ್ನು ಹೆಂಡತಿ ವಿದ್ಯಾಳ ಮುಂದೆ ಮಂಡಿಸಿದಾಗ ಅವಳು ದೋಸೆಗೆ ಅಕ್ಕಿ ರುಬ್ಬುತ್ತಿದ್ದಳು. ಮಿಕ್ಸಿ ನಿಲ್ಲಿಸಿದಳು.

“ಹಂದಿ ಹೊಡೆದು ಎಂತ ಮಾಡ್ತೀರಿ? ನಾವು ಮೊಟ್ಟೆ ಸಹ ತಿನ್ನೂದಿಲ್ಲ.”

ಮಾತು ನಿಜ. ಉಡುಪಿ ಕಡೆಯ ನಮ್ಮ ಮನೆತನದಲ್ಲಿ ಯಾರೂ ಸೊಳ್ಳೆಗಿಂತ ದೊಡ್ಡ ಪ್ರಾಣಿಯನ್ನು ಕೊಂದ ದಾಖಲೆಯಿಲ್ಲ. ಬೇಟೆಯೆಂಬುದು ಆಹಾರದ ಪ್ರಶ್ನೆಯಲ್ಲ, ಶಿಸ್ತಿನ ಪ್ರಶ್ನೆ ಎಂದು ನಾನು ಗಂಭೀರವಾಗಿ ವಿವರಿಸತೊಡಗಿದೆ. ಅವಳು ಮತ್ತೆ ಮಿಕ್ಸಿ ಹಾಕಿದಳು.

ಆಯ್ಕೆಯ ಕೆಲಸವನ್ನು ನಾನು ಶಾಸ್ತ್ರೋಕ್ತವಾಗಿ ಮಾಡಿದೆ. ಎಕ್ಸೆಲ್‌ನಲ್ಲಿ ಮೂವತ್ತನಾಲ್ಕು ಬಿಲ್ಲುಗಳನ್ನು ಸಾಲಾಗಿ ನಿಲ್ಲಿಸಿದೆ. ಉದ್ದ, ತೂಕ, ಮರದ ಜಾತಿ, ಬಾಣದ ವೇಗ ಎಂದು ಹತ್ತೊಂಬತ್ತು ಕಾಲಮ್ಮುಗಳು. ಕ್ರಾಸ್‌ಬೋ ಮೊದಲ ಸುತ್ತಿನಲ್ಲೇ ಹೊರಬಿತ್ತು. ಟ್ರಿಗರ್ ಒತ್ತಿ ಬಾಣ ಬಿಡುವುದು ಬಂದೂಕಿಗೆ ಹೆದರುವವರ ಕೆಲಸ ಎಂದು ಷರಾ ಬರೆದೆ. ರಾಟೆ ಕಟ್ಟಿದ ಆಧುನಿಕ ಬಿಲ್ಲುಗಳೂ ಹೋದವು. ರಾಟೆ ಬಾವಿಗೆ ಸರಿ. ಕೊನೆಗೆ ಉಳಿದದ್ದು ಎಲೆ-ಮಣ್ಣಿನ ಬಣ್ಣ ಬಳಿದ, ಬೇಟೆಗಾರರ ಒಂದು ಮರದ ಬಿಲ್ಲು. ಎಳೆತ ಐವತ್ತು ಪೌಂಡು.

ಎಳೆತವೆಂದರೆ ದಾರವನ್ನು ಪೂರ್ತಿ ಹಿಂದಕ್ಕೆ ಎಳೆದು ಹಿಡಿಯಲು ಬೇಕಾಗುವ ಬಲ. ಐವತ್ತು ಪೌಂಡು ಅಂದರೆ ಹೆಚ್ಚುಕಡಿಮೆ ಇಪ್ಪತ್ಮೂರು ಕೆಜಿ. ನಮ್ಮ ಮನೆಗೆ ಬರುವುದು ಇಪ್ಪತ್ತು ಕೆಜಿಯ ಅಕ್ಕಿ ಚೀಲ. ಅಕ್ಕಿ ಚೀಲ ಎತ್ತುವವನಿಗೆ ಇದು ಯಾವ ಲೆಕ್ಕ? ಅಂಗಡಿಯವರು ಮಾತ್ರ ಒಂದು ಮೇಲ್ ಕಳಿಸಿ, ಇದು ನಿಮ್ಮ ಮೊದಲ ಬಿಲ್ಲಾದರೆ ಇಪ್ಪತ್ತು ಪೌಂಡಿನ ಆಸುಪಾಸಿನದು ಒಳ್ಳೆಯದು, ಕೊಳ್ಳುವ ಮೊದಲು ಯಾವುದಾದರೂ ಸಂಘದಲ್ಲಿ ಹಿಡಿದು ನೋಡಿ ಎಂದರು. ಇಪ್ಪತ್ತು ಪೌಂಡಿನವು ಮಕ್ಕಳ ಹುಟ್ಟುಹಬ್ಬಕ್ಕೆ ಕೊಡುವಂಥವು ಎಂದು ನಾನು ಒಂಬತ್ತು ಸಾಲಿನ ಉತ್ತರ ಬರೆದೆ. ಅವರು ಮತ್ತೆ ಬರೆಯಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಮೂರ್ಖತನ ನನ್ನೊಬ್ಬನ ಸ್ವಂತ ಆಸ್ತಿಯಾಗಿ ಉಳಿಯುತ್ತಿತ್ತು. ಆದರೆ ಪಂಡಿತನಿಗೆ ಶಿಷ್ಯರು ಬೇಡವೇ? ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ‘ಮೊದಲ ಬಿಲ್ಲು ಆರಿಸುವುದು ಹೇಗೆ’ ಎಂದು ಮೂರು ಕಂತಿನ ಉಪನ್ಯಾಸ ಹಾಕಿದೆ. ಎಲ್ಲರೂ ಹೆಬ್ಬೆರಳಿನ ಚಿತ್ರ ಹಾಕಿ ಪಾರಾದರು. ಸುದರ್ಶನ ಒಬ್ಬನೇ ಫೋನ್ ಮಾಡಿದ. ಮೈಸೂರಿನವನು, ಗೆಳೆಯರ ಮಾತನ್ನು ಪೂರ್ತಿ ನಂಬುವ ಅಪಾಯಕಾರಿ ಸ್ವಭಾವದವನು.

“ಗುರು, ನೀನು ಯಾವುದು ತಗೋತೀಯೋ ನಂಗೂ ಅದೇ.”

ನಾನು ಲಿಂಕ್ ಕಳಿಸಿದೆ.

ಬಿಲ್ಲು ಬಂದ ದಿನ ನಾನು ಮೀಟಿಂಗಿನಲ್ಲಿದ್ದುದರಿಂದ ಡೆಲಿವರಿಯವನು ಪೆಟ್ಟಿಗೆಯನ್ನು ಪಕ್ಕದ ಮನೆಯಲ್ಲಿ ಕೊಟ್ಟುಹೋಗಿದ್ದ. ಪಕ್ಕದ ಮನೆಯಲ್ಲಿ ರಿಯಾ ಎಂಬ ಎಪ್ಪತ್ತು ದಾಟಿದ ಹೆಂಗಸು ಒಬ್ಬರೇ ಇದ್ದರು. ಆರು ವರ್ಷಗಳ ನೆರೆಹೊರೆಯಲ್ಲಿ ಅವರ ಬಗ್ಗೆ ನನಗೆ ಗೊತ್ತಿದ್ದದ್ದು, ಅವರು ಕಸದ ಡಬ್ಬಿಯನ್ನು ಯಾವತ್ತೂ ನಮಗಿಂತ ಮೊದಲು ಹೊರಗಿಡುತ್ತಾರೆ ಎಂಬುದು ಮಾತ್ರ. ಅವರು ಪೆಟ್ಟಿಗೆಯನ್ನು ಗೇಟಿನ ಬಳಿ ಇಟ್ಟು, ನಿಯಮದಂತೆ ಒಂದೂವರೆ ಮೀಟರ್ ಹಿಂದೆ ಸರಿದು, ಬಿಲ್ಲೇ ಎಂದು ಕೇಳಿದರು. ಎಷ್ಟು ಪೌಂಡು ಎಂದೂ ಕೇಳಿದರು. ಐವತ್ತು ಎಂದೆ, ಎದೆಯುಬ್ಬಿಸಿ. ಎಲ್ಲಿ ಕಲಿತಿರಿ ಎಂದರು. ಸ್ವಂತ ಅಧ್ಯಯನ ಎಂದೆ.

“ಜೋ,” ಎಂದರು. ಡಚ್ಚರು ‘ಹೌದಾ’ ಎನ್ನುವುದಕ್ಕೂ ‘ಅಯ್ಯೋ ಪಾಪ’ ಎನ್ನುವುದಕ್ಕೂ ಬಳಸುವ ಶಬ್ದ ಅದು. ನಾನು ಮೊದಲನೆಯ ಅರ್ಥ ತೆಗೆದುಕೊಂಡೆ.

ಕಾಡುಹಂದಿಯ ವಿಷಯವನ್ನೂ ಹೇಳಿದೆ. ಈ ದೇಶದಲ್ಲಿ ಬಿಲ್ಲಿನಿಂದ ಬೇಟೆಯಾಡುವುದನ್ನು ಕಾನೂನು ನಿಷೇಧಿಸಿದೆ ಎಂದು ಅವರು ಮೆಲ್ಲಗೆ ಹೇಳಿದರು. ತಮಗೆ ತಪ್ಪು ಮಾಹಿತಿ ಇರಬಹುದು ಎಂದು ನಾನು ಅವರನ್ನು ತಿದ್ದಿ ಒಳಗೆ ಬಂದೆ. ಆಮೇಲೆ ಹುಡುಕಿ ನೋಡಿದೆ. ಅವರದೇ ಸರಿ. ನನ್ನ ಹತ್ತೊಂಬತ್ತು ಕಾಲಮ್ಮುಗಳಲ್ಲಿ ‘ಕಾನೂನು’ ಎಂಬ ಕಾಲಮ್ಮು ಇರಲಿಲ್ಲ.

ಹಂದಿಗಳು ಹೀಗೆ ಬದುಕಿಕೊಂಡ ಮೇಲೆ ಉಳಿದದ್ದು ಗುರಿ ಹೊಡೆಯುವುದು. ಮೊದಲು ಬಿಲ್ಲಿಗೆ ದಾರ ಏರಿಸಬೇಕು. ಅದಕ್ಕೆಂದೇ ಒಂದು ಹಗ್ಗ ಸಿಗುತ್ತದೆ, ಅದಿಲ್ಲದೆ ಏರಿಸಬೇಡಿ ಎಂದು ಚೀಟಿಯಲ್ಲಿ ಬರೆದಿತ್ತು. ಹಗ್ಗ ದುರ್ಬಲರಿಗೆ ಎಂದು ನಾನು ಬಿಲ್ಲನ್ನು ತೊಡೆಗೆ ಸಿಕ್ಕಿಸಿ ಬಗ್ಗಿಸಿದೆ. ಒಂದು ಗಂಟೆಯ ಹೋರಾಟದಲ್ಲಿ ಬಿಲ್ಲು ಎರಡು ಸಲ ಮೊಣಕಾಲಿಗೆ, ಒಂದು ಸಲ ಗಲ್ಲಕ್ಕೆ ಬಡಿಯಿತು. ಕೊನೆಗೆ ದಾರವೇನೋ ಏರಿತು. ಎಳೆದೆ. ದಾರ ಅರ್ಧ ದಾರಿಗೆ ಬಂದು ನಿಂತಿತು. ಉಸಿರು ಬಿಗಿಹಿಡಿದು, ಕುಲದೇವರನ್ನು ನೆನೆದು ಎಳೆದೆ. ತೋಳು ನಡುಗಿತು, ದಾರ ಅಲುಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ವಿದ್ಯಾಳಿಗೆ ನನ್ನ ಅಕ್ಕಿ ಚೀಲದ ಸಿದ್ಧಾಂತ ಹೇಳಿದೆ. ಲೆಕ್ಕ ಎಲ್ಲಿ ತಪ್ಪಿತೋ ತಿಳಿಯುತ್ತಿಲ್ಲ ಎಂದೆ.

“ಅಕ್ಕಿ ಚೀಲ ನೀವು ಎಲ್ಲಿ ಎತ್ತೂದು ಮಾರಾಯ್ರೆ? ಅಂಗಡಿಯವ ಕಾರಿಗೆ ಹಾಕ್ತಾನೆ, ಕಾರಿನಿಂದ ನಾನು ತರ್ತೇನೆ.”

ಮರುದಿನ ಸುದರ್ಶನನ ಫೋನು. ಬಿಲ್ಲು ಬಂದಿದೆ, ಅರ್ಧಕ್ಕಿಂತ ಎಳೆಯಲು ಆಗುತ್ತಿಲ್ಲ, ತನ್ನದೇ ಏನೋ ತಪ್ಪಿರಬೇಕು ಎಂದ. ನಿನಗೆ ಹೇಗೆ ಎಂದು ಕೇಳಿದ. ಇಲ್ಲಿ ನಾನು ಮಾಡಿದ್ದನ್ನು ಹಾಸ್ಯವೆಂದು ಬರೆಯಲು ನನಗೇ ನಾಚಿಕೆ. ನನ್ನದು ಸಲೀಸಾಗಿ ಬರುತ್ತದೆ ಎಂದೆ. ದಿನಕ್ಕೆ ಐವತ್ತು ಸಲ ಎಳೆ, ಸ್ನಾಯು ತಾನಾಗಿ ದಾರಿಗೆ ಬರುತ್ತದೆ ಎಂದು ಉಪದೇಶ ಕೊಟ್ಟೆ. ಫೋನಿಟ್ಟು ನನ್ನ ತೋಳಿಗೆ ಮುಲಾಮು ಹಚ್ಚಿಕೊಂಡೆ.

ಆ ಶನಿವಾರ ಹಿತ್ತಲ ಬೇಲಿಗೆ ರಟ್ಟಿನ ಪೆಟ್ಟಿಗೆಗಳನ್ನೂ ಹಳೆಯ ಹಾಸಿಗೆಯನ್ನೂ ಒರಗಿಸಿ, ಬಾಣ ಹೂಡಿ, ಹಲ್ಲು ಕಚ್ಚಿ ಎಳೆದೆ. ಅರ್ಧ ದಾರಿಯಲ್ಲಿ ಬೆರಳು ಜಾರಿತು. ಬಾಣ ಹಾಸಿಗೆಯ ಮೇಲಿಂದ, ಬೇಲಿಯ ಮೇಲಿಂದ ಹಾರಿತು. ಆಚೆಯಿಂದ ಠಕ್ ಎಂದು ಕೇಳಿಸಿತು.

ಕುರ್ಚಿ ಹಾಕಿಕೊಂಡು ಹತ್ತಿ ಇಣುಕಿದೆ. ರಿಯಾ ಅವರ ಸೈಕಲ್ ಕೊಟ್ಟಿಗೆಯ ಬಾಗಿಲಲ್ಲಿ ಬಾಣ ನಾಟಿತ್ತು. ಅದರ ಕೆಳಗೆ ಒಂದು ಕುರ್ಚಿ. ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಅರ್ಧ ಕುಡಿದ ಕಾಫಿ, ಇನ್ನೂ ಹಬೆಯಾಡುತ್ತಿತ್ತು. ಫೋನ್ ಬಂತೆಂದು ಅವರು ಒಳಗೆ ಹೋಗಿದ್ದರಂತೆ. ನಾನು ಕುರ್ಚಿಯಿಂದ ಇಳಿದು ಹುಲ್ಲಿನ ಮೇಲೆ ಕುಳಿತೆ. ವಿದ್ಯಾ ಬಂದು ಬಿಲ್ಲನ್ನು ಎತ್ತಿ ಒಳಗಿಟ್ಟಳು.

ರಿಯಾ ಬಾಣ ಹಿಡಿದುಕೊಂಡು ನಮ್ಮ ಗೇಟಿಗೆ ಬಂದರು. ಬೈಯಲಿಲ್ಲ. ಬಾಣವನ್ನು ತಿರುಗಿಸಿ ನೋಡಿದರು, ಬಿಲ್ಲನ್ನು ತರಿಸಿಕೊಂಡು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರು.

“ಇದನ್ನು ನಿಮಗೆ ಯಾರು ಆರಿಸಿಕೊಟ್ಟರು?”

“ನಾನೇ.”

“ಯಾರನ್ನು ಕೇಳಿ?”

ಇಂಟರ್ನೆಟ್ಟಿನಲ್ಲಿ ಇಡೀ ಜಗತ್ತನ್ನೇ ಕೇಳಿದ್ದೆ. ಅವರು ಮತ್ತೆ ಹೇಳಿದ್ದು ಇಷ್ಟು: ಈ ಬ್ರಬಾಂಟ್ ಸೀಮೆಯ ಊರೂರಲ್ಲಿ ಬಿಲ್ಲುಗಾರರ ಹಳೆಯ ಸಂಘಗಳಿವೆ, ನಮ್ಮ ಮನೆಗೆ ಸೈಕಲ್‌ನಲ್ಲಿ ಹತ್ತು ನಿಮಿಷದ ದೂರದಲ್ಲಿರುವ ಅಂಥ ಒಂದು ಸಂಘದಲ್ಲಿ ಹೊಸಬರಿಗೆ ಕಲಿಸುವವರು ಅವರೇ, ನಲವತ್ತು ವರ್ಷದಿಂದ. ನಾನು ವಿದ್ಯಾಳ ಮುಖ ನೋಡಿದೆ. ಅವರ ಗೋಡೆ ತುಂಬ ಪದಕ ಉಂಟಲ್ಲ, ನನಗೆ ಗೊತ್ತುಂಟು ಎಂದಳು. ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲ ಎಂದಳು.

ರಿಯಾ ನನ್ನ ಎರಡೂ ಕೈ ಚಾಚಿಸಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರಲ್ಲಿ ಅವರ ಚಿಮಣಿಯನ್ನು ನೋಡಲು ಹೇಳಿದರು. ಎಡಗಣ್ಣು ಮುಚ್ಚಿದೆ, ಚಿಮಣಿ ಮಾಯ. ನನ್ನ ಬಲವಾದ ಕಣ್ಣು ಎಡಗಣ್ಣು, ನಾನು ಹಿಡಿಯಬೇಕಾದದ್ದು ಎಡಗೈಯವರ ಬಿಲ್ಲು. ತಂದದ್ದು ಬಲಗೈಯದು. ತೊಡೆಗೆ ಸಿಕ್ಕಿಸಿ ಬಗ್ಗಿಸಿದ್ದರಿಂದ ಅದೂ ತಿರುಚಿಹೋಗಿತ್ತು; ಇನ್ನು ಯಾರ ಕಣ್ಣಿಗೂ ಆಗುವುದಿಲ್ಲ ಎಂದರು. ಹನ್ನೊಂದು ದಿನದ ಸಂಶೋಧನೆಯ ಪರೀಕ್ಷೆ ನಾಲ್ಕು ನಿಮಿಷದಲ್ಲಿ ಮುಗಿಯಿತು.

ಒಳಗೆ ಹೋಗಿ ಸುದರ್ಶನನಿಗೆ ಫೋನ್ ಮಾಡಿದೆ, ಎಳೆಯುವುದನ್ನು ನಿಲ್ಲಿಸು ಎನ್ನಲು. ಅವನ ಹೆಂಡತಿ ಎತ್ತಿದಳು. ಹಿಂದಿನ ದಿನ ಮೂವತ್ತೆರಡನೆಯ ಎಳೆತಕ್ಕೆ ಅವನ ಭುಜದಲ್ಲಿ ಏನೋ ಹರಿದಂತಾಗಿ, ಕೈ ಮೇಲೆತ್ತಲು ಆಗುತ್ತಿಲ್ಲ. ಫಿಸಿಯೊ ಬಾಗಿಲು ಹಾಕಿದ್ದಾರೆ, ವಿಡಿಯೊದಲ್ಲೇ ನೋಡಿದ್ದಾರೆ. ತಲೆ ಬಾಚಲೂ ಬೇರೆಯವರು ಬೇಕು.

ನೈಮೆಗನ್ನಿಗೆ ಕಾರು ಓಡಿಸಿಕೊಂಡು ಹೋದೆ. ಅವನು ಬಾಗಿಲಲ್ಲಿ, ನಾನು ಕೆಳಗೆ ಮೆಟ್ಟಿಲ ಆಚೆ. ಅವನ ತೋಳು ಬಟ್ಟೆಯ ಜೋಳಿಗೆಯಲ್ಲಿತ್ತು. ಇದ್ದದ್ದನ್ನು ಹೇಳಿದೆ.

“ಅಂದ್ರೆ ನಿಂಗೂ ಎಳಿಯೋಕ್ ಆಗ್ಲಿಲ್ವಾ?”

“ಇಲ್ಲ.”

“ಅದೊಂದು ಮಾತು ಆವತ್ತು ಹೇಳಿದ್ರೆ ಸಾಕಿತ್ತಲ್ಲೋ.”

ಇದಕ್ಕಿಂತ ಕಡಿಮೆ ಬೈಗುಳದಲ್ಲಿ ನನ್ನನ್ನು ಇಷ್ಟು ಚೆನ್ನಾಗಿ ಯಾರೂ ಬೈದಿಲ್ಲ. ಮೂರು ತಿಂಗಳು ಪ್ರತಿ ಶನಿವಾರ ಹೋಗಿ ಅವನ ಮನೆಗೆ ದಿನಸಿ ಇಟ್ಟುಬಂದೆ. ಅಕ್ಕಿ ಚೀಲವನ್ನು ನಾನೇ ಎತ್ತಿದೆ. ನನ್ನ ಬಿಲ್ಲನ್ನು ವಿದ್ಯಾ ಹಿತ್ತಲಲ್ಲಿ ನೆಟ್ಟು ಅಲಸಂಡೆ ಬಳ್ಳಿ ಹಬ್ಬಿಸಿದಳು. ಆ ಬಿಲ್ಲು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಬೇಸಿಗೆಯ ಕೊನೆಗೆ ಭುಜ ಸರಿಯಾಗಿ, ಇಬ್ಬರೂ ರಿಯಾ ಅವರ ಸಂಘಕ್ಕೆ ಸೇರಿದೆವು. ಸುದರ್ಶನನಿಗೆ ಹದಿನೆಂಟು ಪೌಂಡಿನ ಬಿಲ್ಲು ಕೊಟ್ಟರು. ಎಡಗೈಯವರ ಬಿಲ್ಲು ಅಲ್ಲಿದ್ದದ್ದು ಒಂದೇ. ಹದಿನಾಲ್ಕು ಪೌಂಡಿನದು, ತಿಳಿಹಸಿರು ಬಣ್ಣ, ಮೇಲೆ ಕಪ್ಪೆಯ ಸ್ಟಿಕ್ಕರು. ನಾನು ಚಕಾರವೆತ್ತದೆ ತೆಗೆದುಕೊಂಡೆ.

ಒಂದು ತಿಂಗಳ ಮೇಲೆ ಸಂಘದ ಸಣ್ಣ ಸ್ಪರ್ಧೆ. ತಲೆಗೆ ಹನ್ನೆರಡು ಬಾಣ. ಏಳನೆಯ ಬಾಣ ಬಿಟ್ಟಾಗಲೇ ಬೆರಳಿಗೆ ತಿಳಿಯಿತು, ಇದು ಬೇರೆಯದೇ ಬಾಣ ಎಂದು. ಸದ್ದು ಬೇರೆ, ಹಾರಿದ ರೀತಿ ಬೇರೆ. ಹೋಗಿ ಹಳದಿ ವೃತ್ತದ ನಟ್ಟನಡುವೆ ನಾಟಿತು. ನಾನು ಬಿಲ್ಲನ್ನು ಮೇಲೆತ್ತಿದೆ. ಪಕ್ಕದ ಸಾಲಿನ ಅಜ್ಜ ದುರ್ಬೀನಿನಲ್ಲಿ ನೋಡಿ ನನಗೆ ಸೌಜನ್ಯದಿಂದ ಧನ್ಯವಾದ ಹೇಳಿದರು. ಬಾಣ ಅವರ ಗುರಿಹಲಗೆಯಲ್ಲಿತ್ತು. ಪರರ ಹಲಗೆಯ ಬಾಣಕ್ಕೆ ಅಂಕವಿಲ್ಲ ಎಂದು ರಿಯಾ ನನ್ನ ಚೀಟಿಯಲ್ಲಿ ಇಂಗ್ಲಿಷಿನ ‘ಎಂ’ ಅಕ್ಷರ ಬರೆದರು. ಎಂ ಎಂದರೆ ‘ಮಿಸ್’, ಗುರಿ ತಪ್ಪಿದ್ದು.

ಚೀಟಿಯನ್ನು ಮನೆಯಲ್ಲಿ ವಿದ್ಯಾ ನೋಡಿದಳು. ಇದೆಂತ ಎಂ ಎಂದು ಕೇಳಿದಳು. ಮುರಳೀಧರ ಎಂಬ ನನ್ನ ಹೆಸರಿನ ಮೊದಲ ಅಕ್ಷರ ಎಂದೆ. ಅವಳು ಬೆರಳಿಟ್ಟು ಎಣಿಸಿದಳು.

“ಹನ್ನೆರಡು ಬಾಣಕ್ಕೆ ಒಂಬತ್ತು ಸಲ ನಿಮ್ಮ ಹೆಸರೇ ಬರೆದಿದ್ದಾರೆ. ರಿಯಾ ಅವರಿಗೆ ನಿಮ್ಮ ಮೇಲೆ ಭಾರಿ ಅಭಿಮಾನ.”

ಹೌದು ಎಂದೆ.