ಆರು ಹತ್ತಕ್ಕೆ ಬಂತು, ಕುಡೀತು, ಹೋಯ್ತು

ಲೋಕನಾಥ ಆ ಶುಕ್ರವಾರ ಬೆಳಿಗ್ಗೆ ತನ್ನ ನೋಟ್‌ಬುಕ್ಕನ್ನು ಫ್ರಿಜ್ಜಿನ ಮೇಲೆ ಮರೆತು ಸ್ನಾನಕ್ಕೆ ಹೋದದ್ದೇ ತಪ್ಪಾಯಿತು.

ಅದರಲ್ಲಿದ್ದದ್ದು ಬರೀ ಹಕ್ಕಿಗಳ ವಿಷಯ. ಊರು ಬಿಟ್ಟು ಅರಬ್ ನಾಡಿಗೆ ಬಂದು, ಶುವೈಖಿನ ಗೋದಾಮಿನಲ್ಲಿ ವಾರವಿಡೀ ಟೈರುಗಳ ಮುಖ ನೋಡಿ ಸಾಕಾಗಿದ್ದ ಅವನಿಗೆ ಹೊಸ ಹುಚ್ಚು ಹಿಡಿದಿತ್ತು. ಈಕ್ವೆಡಾರ್ ಕಾಡಿನ ವಿಡಿಯೋಗಳನ್ನು ಫೋನಿನಲ್ಲಿ ನೋಡುವುದು, ಪೊದೆಗಳ ನಡುವೆ ಸುಳಿಯುವ ಹರ್ಮಿಟ್ ಹಮ್ಮಿಂಗ್‌ಬರ್ಡ್‌ಗಳಲ್ಲಿ ಯಾವುದು ಯಾವ ಜಾತಿ ಎಂದು ಗುರುತಿಸುವುದು, ಬರೆದಿಡುವುದು.

ಆದರೆ ಅಬ್ಬಾಸಿಯಾದಲ್ಲಿ ಅವನಿದ್ದ ಬಾಡಿಗೆ ಫ್ಲಾಟಿನಲ್ಲಿ ಮಾಲಿಕನಿಗೆ ಗೊತ್ತಿದ್ದವರು ನಾಲ್ಕು ಜನ, ಮಲಗುತ್ತಿದ್ದವರು ಒಂಬತ್ತು. ಗೊತ್ತಾದರೆ ಒಂಬತ್ತೂ ಜನ ಬೀದಿಗೆ. ಒಳಗಿನವರೇ ಯಾರೋ ಮಾಲಿಕನಿಗೆ ಚಾಡಿ ಹೇಳಲು ಹೊರಟಿದ್ದಾರೆಂಬ ಗುಮಾನಿ ಒಂದು ವಾರದಿಂದ ಎಲ್ಲರ ಕಿವಿಯಲ್ಲೂ ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು.

ಆ ಒಂಬತ್ತರಲ್ಲೊಬ್ಬನಾದ ಸುಮಿತ್ ನೋಟ್‌ಬುಕ್ ತೆರೆದು ಗಟ್ಟಿಯಾಗಿ ಓದಿದ: “ಕಂದು ಬಣ್ಣ. ಉದ್ದ, ತುದಿ ಬಾಗಿದೆ. ಆರು ಹತ್ತಕ್ಕೆ ಬಂತು, ಕುಡೀತು, ಹೋಯ್ತು.”

ಎಲ್ಲರೂ ಒಟ್ಟಿಗೆ ಅವನ ಮೂಗು ನೋಡಿದರು. ದಿನಾ ಆರು ಹತ್ತಕ್ಕೆ ಚಹಾ ಕುಡಿದು ಹೊರಡುವವನು ಅವನೊಬ್ಬನೇ.

“‘ಬಂತು, ಹೋಯ್ತು’ ಅಂತೆ! ನಾನೆಂತ ದನವಾ?” ಸುಮಿತ್ ಸಿಡಿದ.

ಸೈದು ನೋಟ್‌ಬುಕ್ ಕಿತ್ತುಕೊಂಡು ಮುಂದಿನದ್ದು ಓದಿದ. “ನೆಲದ ಹತ್ತಿರವೇ ಇರ್ತದೆ. ಹೆಣ್ಣು ಬರಲಿ ಅಂತ ಇಡೀ ದಿನ ಒಂದೇ ರಾಗ...” ಕೆಳಗಿನ ಹಾಸಿಗೆಯಲ್ಲಿ ಬಿದ್ದುಕೊಂಡು ಫೋನಿಗೆ ಹಾಡು ಹೇಳುವ ಸೈದುವಿನ ಮುಖ ಟೊಮೇಟೊ ಆಯಿತು. “ಯಾ ಅಲ್ಲಾ, ಇದು ನಾನೇ!”

ಲೋಕನಾಥ ಟವೆಲಿನಲ್ಲೇ ಓಡಿಬಂದ, ಕಿವಿಯಲ್ಲಿನ್ನೂ ಸೋಪಿನ ನೊರೆ. “ಎಂತ ಮಾರಾಯ, ಅದು ಹಕ್ಕಿ!”

“ಹಕ್ಕಿಯಂತೆ! ಇಲ್ಲಿ ಪಾರಿವಾಳ ಬಿಟ್ರೆ ಎಂತ ಉಂಟು? ತೋರ್ಸು,” ಎಂದ ಸುಮಿತ್.

ಲೋಕನಾಥ ವಿಡಿಯೋ ತೋರಿಸಿದ. ಬಾಗಿದ ಕೊಕ್ಕಿನ ಕಂದು ಹಕ್ಕಿ ಹೂವಿಗೆ ಬಂತು, ಕುಡಿಯಿತು, ಹೋಯಿತು. ಸೈದುವಿನ ಸಂಶಯ ಇಳಿಯಲಿಲ್ಲ. “ಹಾಡು ಎಲ್ಲಿ? ಕೇಳ್ಸು!”

ಲೋಕನಾಥ ಫೋನನ್ನು ಸೈದುವಿನ ದೊಡ್ಡ ಸ್ಪೀಕರಿಗೆ ಜೋಡಿಸಿ ಪೂರ್ತಿ ವಾಲ್ಯೂಮ್ ಕೊಟ್ಟ. ಚಿಕ್! ಚಿಕ್! ಚಿಕ್! ಮೆಟ್ಟಿಲೆಲ್ಲ ಮೊಳಗಿತು. ಹತ್ತು ನಿಮಿಷ ಕೇಳಿದ ಮೇಲೆ ಸುಮಿತ್ ಅವನನ್ನು ತಬ್ಬಿಕೊಂಡ. “ತಪ್ಪಾಯ್ತು ಲೋಕಣ್ಣ, ನೀವು ಚಿನ್ನ!”

ಆಗಲೇ ಬಾಗಿಲು ದಬದಬ. ಬಿಲ್ಡಿಂಗಿನ ಕಾವಲುಗಾರ ಅಬ್ದುಲ್ ಸಲಾಂ.

“ಭಾಯಿ, ಅಂದರ್ ಚಿಡಿಯಾ? ಬಿಲ್ಡಿಂಗ್ ಮೇ ಚಿಡಿಯಾ ನಹೀಂ! ಖಲಾಸ್!”

ಯಾರೂ ತಡೆಯುವಷ್ಟರಲ್ಲಿ ಅವನು ಒಳಗೆ ನುಗ್ಗಿ ಹಕ್ಕಿ ಹುಡುಕತೊಡಗಿದ. ಮಂಚದ ಕೆಳಗೆ, ಪರದೆಯ ಹಿಂದೆ, ಒಂದೊಂದೇ ಹಾಸಿಗೆ ಎತ್ತಿ ನೋಡಿದ. ಹಕ್ಕಿ ಸಿಗಲಿಲ್ಲ. ಕೊನೆಯ ಹಾಸಿಗೆ ಕೆಳಗಿಟ್ಟವನು ನಿಂತು, ತಿರುಗಿ, ಹಾಸಿಗೆಗಳನ್ನು ಎಣಿಸುತ್ತ ಬೆರಳು ಮಡಚಿದ. ಒಂದು ಕೈಯ ಐದೂ ಬೆರಳು ಮುಗಿದು ಇನ್ನೊಂದರಲ್ಲಿ ನಾಲ್ಕು. ಜೇಬಿನಿಂದ ಫೋನ್ ತೆಗೆದು ಮಾಲಿಕನಿಗೆ ಹಚ್ಚಿದ.

ಸ್ಪೀಕರ್ ಇನ್ನೂ ಚಿಕ್ ಚಿಕ್ ಅನ್ನುತ್ತಿತ್ತು. ಎಂಟೂ ಜನ ಟವೆಲಿನಲ್ಲಿ ನಿಂತಿದ್ದ ಲೋಕನಾಥನತ್ತ ತಿರುಗಿದರು.

“ನಾನು ಮೊದಲೇ ಹೇಳಿರ್ಲಿಲ್ವಾ,” ಎಂದ ಸುಮಿತ್, “ಇವನೇ ಅಂತ!”