ತೊವ್ವೆ ಉಣ್ಣುವವನ ಮಾಂಸದ ಲ್ಯಾಬು

ಹುಟ್ಟಿದಾಗಿನಿಂದ ತೊವ್ವೆ, ಸಾರು ಉಂಡು ಬೆಳೆದವನು ದನದ ಮಾಂಸದ ಲ್ಯಾಬಿಗೆ ಸೇರಿದರೆ ನಗೆಪಾಟಲಾಗಲು ಬೇರೆ ಪ್ರಯತ್ನವೇನೂ ಬೇಕಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿಯೇ ಒದಗಿ ಬರುತ್ತದೆ. ತೊಂಬತ್ತರ ದಶಕದಲ್ಲಿ, ಪೊಮೊನಾ ಹತ್ತಿರದ ಒಂದು ಲ್ಯಾಬಿನಲ್ಲಿ, ನನಗೆ ಐದು ವರ್ಷ ಹಾಗೆ ಒದಗಿ ಬಂತು. ಮೇವಿಗೆ ಎಣ್ಣೆ, ಕೊಬ್ಬು ಬೆರೆಸಿ ದನಗಳಿಗೆ ತಿನ್ನಿಸಿದರೆ ಅವುಗಳ ಮಾಂಸ ಮೆತ್ತಗಾಗುತ್ತದೆಯೇ, ರುಚಿ ಬದಲಾಗುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ.

ಇಂಟರ್‌ವ್ಯೂ

ವೀಸಾ ಮುಗಿಯಲು ಎರಡೇ ತಿಂಗಳು ಇತ್ತು. ಪ್ರೊಫೆಸರ್ ನನ್ನ ಪೇಪರ್‌ಗಳನ್ನೆಲ್ಲ ತಿರುವಿಹಾಕಿ, "ನೀವು ಮಾಂಸ ತಿಂತೀರಾ?" ಎಂದು ಕೇಳಿದರು.

ಸುಳ್ಳು ಹೇಳೋಣ ಎನ್ನಿಸಿತು. ಆದರೆ ಅಲ್ಲೇ ಒಂದು ತುಂಡು ಕೊಟ್ಟು ತಿನ್ನಿ ಎಂದರೆ? "ಇಲ್ಲ ಸರ್. ಮೊಟ್ಟೆಯನ್ನೂ ಮುಟ್ಟಲ್ಲ" ಎಂದೆ.

ಅವರು ಎದ್ದು ಬಂದು ಕೈ ಕುಲುಕಿದರು. "ಸೋಮವಾರವೇ ಬನ್ನಿ. ಹೋದ ವರ್ಷದ ಅಸಿಸ್ಟೆಂಟು ನನ್ನ ಸ್ಯಾಂಪಲ್‌ಗಳಲ್ಲಿ ಅರ್ಧದಷ್ಟು ತಾನೇ ಹುರಿದು ತಿಂದುಬಿಟ್ಟಿದ್ದ."

ಗೋಸೇವೆ

ಸ್ಯಾನ್ ಡಿಯೇಗೋದ ಮೀರಾ ಮೆಸಾದಲ್ಲಿ ಗೆಳೆಯನ ಮನೆ ಸತ್ಯನಾರಾಯಣ ಪೂಜೆ. ಊಟಕ್ಕೆ ಕೂತಾಗ ಬೆಂಗಳೂರಿನ ಒಬ್ಬರು ಆಂಟಿ ಹೋಳಿಗೆ ಬಡಿಸುತ್ತಾ, "ನಿಮಗೇನಪ್ಪಾ ಕೆಲಸ? ಸಾಫ್ಟ್‌ವೇರಾ?" ಎಂದರು.

"ಅಲ್ಲ ಆಂಟಿ, ದನಗಳಿಗೆ ಮೇವು ಹಾಕೋದು. ಮೇವಿಗೆ ಒಳ್ಳೇ ಎಣ್ಣೆ ಬೆರೆಸಿ ಕೊಡ್ತೀವಿ."

ಆಂಟಿಯ ಕಣ್ಣು ತುಂಬಿತು. "ನೋಡ್ರೀ, ಈ ದೇಶಕ್ಕೆ ಬಂದೂ ಗೋಸೇವೆ ಮಾಡ್ತಿದಾರೆ" ಎಂದು ಪಂಕ್ತಿಗೆಲ್ಲ ಹೇಳಿ ನನಗೆ ಇನ್ನೆರಡು ಹೋಳಿಗೆ ಹಾಕಿದರು. ನಿಜ ಗೊತ್ತಿದ್ದ ಗೆಳೆಯ ತಲೆ ತಗ್ಗಿಸಿ ಕೋಸಂಬರಿಯಲ್ಲಿ ಕಡಲೆಬೇಳೆ ಹುಡುಕತೊಡಗಿದ.

"ವಯಸ್ಸಾದ ಮೇಲೆ ಅವನ್ನ ಏನು ಮಾಡ್ತಾರಪ್ಪಾ?" ಎಂದು ಆಂಟಿ ಕೇಳಿದರು.

"ರಿಟೈರ್ ಆಗ್ತವೆ ಆಂಟಿ."

"ಎಷ್ಟು ವರ್ಷಕ್ಕೆ?"

"ಒಂದೂವರೆ."

"ಪುಣ್ಯ ಮಾಡಿವೆ ಬಿಡಿ" ಎಂದು ಆಂಟಿ ನಿಟ್ಟುಸಿರು ಬಿಟ್ಟರು. "ನಮ್ಮೆಜಮಾನ್ರಿಗೆ ಅರವತ್ತೆರಡಾದ್ರೂ ಆಫೀಸಿನವರು ಇನ್ನೂ ಬಿಡ್ತಿಲ್ಲ."

ಹೊಸ ರುಚಿ

ರುಚಿ ನೋಡಲು ಎಂಟು ಜನರನ್ನು ಕರೆಸುತ್ತಿದ್ದೆವು. ಮಾಂಸದ ಬಣ್ಣ ಕಾಣಬಾರದೆಂದು ಅವರನ್ನು ಕೆಂಪು ದೀಪದ ಕೆಳಗೆ ಕೂರಿಸುತ್ತಿದ್ದೆವು. ಬೇಯಿಸಿದ್ದನ್ನು ಹೆಚ್ಚಿ ತಟ್ಟೆಗಿಡುವುದು ನಾನು. ಅವತ್ತು ಎಂಟೂ ಜನ ಒಂದೇ ಸ್ಯಾಂಪಲ್ಲಿಗೆ ಪೂರ್ತಿ ಅಂಕ ಕೊಟ್ಟರು. "ಏನೋ ಆಳವಾದ, ಹಿಂದೆಂದೂ ತಿನ್ನದ ರುಚಿ" ಎಂದು ಒಬ್ಬಾಕೆ ಬರೆದಿದ್ದರು.

ಪ್ರೊಫೆಸರ್ ಕುಣಿಯುವುದೊಂದು ಬಾಕಿ. ಯಾವ ಎಣ್ಣೆ ತಿಂದ ದನ ಎಂದು ನೋಡಿದರೆ, ಅದು ಯಾವ ಎಣ್ಣೆಯನ್ನೂ ತಿಂದಿರಲಿಲ್ಲ. ನಾನು ಮೆಲ್ಲಗೆ ಬೆರಳು ಮೂಸಿ ನೋಡಿಕೊಂಡೆ. ಮಧ್ಯಾಹ್ನ ಪುಳಿಯೋಗರೆ ತಿಂದು ಬಂದು ಮೊದಲು ಹೆಚ್ಚಿದ್ದು ಅದೇ ಸ್ಯಾಂಪಲ್ಲನ್ನು. ಕೈ ತೊಳೆದಿದ್ದರೂ ಇಂಗು ಹೋಗಿರಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಒಪ್ಪಿಕೊಂಡೆ.

ಪ್ರೊಫೆಸರ್ ಪೆನ್ಸಿಲ್ ತೆಗೆದುಕೊಂಡರು. "ಈ ಇಂಗನ್ನ ಒಂದು ದನಕ್ಕೆ ದಿನಕ್ಕೆ ಎಷ್ಟು ಕೊಡಬಹುದು?"

ಮಾವನ ಮೂಗು

ಆಮೇಲೊಂದು ವರ್ಷ, ಲ್ಯಾಬಿನ ಮಾಂಸಕ್ಕೆಲ್ಲ ಏನೋ ವಾಸನೆ ಬರತೊಡಗಿತು. ಹೋಟೆಲುಗಳಲ್ಲಿ ಆಲೂಗಡ್ಡೆ ಕರಿದು ಉಳಿದ ಎಣ್ಣೆಯನ್ನು ಒಬ್ಬ ಡ್ರಮ್ಮುಗಳಲ್ಲಿ ತಂದು ಹಾಕುತ್ತಿದ್ದ. ಅದನ್ನೇ ಮೇವಿಗೆ ಬೆರೆಸುತ್ತಿದ್ದೆವು. ಮೇವು ಬದಲಾಗಿಲ್ಲ, ದನ ಬದಲಾಗಿಲ್ಲ, ವಾಸನೆ ಮಾತ್ರ ಹೋಗದು. ಪ್ರಾಜೆಕ್ಟ್ ಮುಚ್ಚಬೇಕಾಗುತ್ತದೆ ಎಂದರು ಪ್ರೊಫೆಸರ್. ನನಗೆ ನಿದ್ದೆ ಹತ್ತದಾಯಿತು.

ಅದೇ ಹೊತ್ತಿಗೆ ಮಂಗಳೂರಿನಿಂದ ನನ್ನ ಮಾವ, ಹೆಂಡತಿಯ ತಂದೆ, ಬಂದಿದ್ದರು. ನಲವತ್ತು ವರ್ಷ ಶುದ್ಧ ಸಸ್ಯಾಹಾರಿ ಹೋಟೆಲ್ ನಡೆಸಿದವರು. ಅತ್ತೆಗೆ ವಿಮಾನವೆಂದರೆ ಹೆದರಿಕೆ, ಊರಲ್ಲೇ ಉಳಿದಿದ್ದರು. ಕಾರಿಲ್ಲದೆ ಮನೆಯಲ್ಲಿ ಕೂತು ಬೇಸತ್ತ ಮಾವ, ಒಂದು ಶನಿವಾರ ಮಗಳ ಜೊತೆ ಫಾರಂ ನೋಡಲು ಬಂದರು. ಎಣ್ಣೆ ಡ್ರಮ್ಮಿನ ಹತ್ತಿರ ನಿಂತು ಮೂಗೆಳೆದರು.

"ಇದು ಮೀನು ಕರಿದ ಎಣ್ಣೆ ಅಲ್ವಾ ಮಾರಾಯ್ರೆ."

"ಇಲ್ಲ ಮಾವ, ಬರೀ ಆಲೂಗಡ್ಡೆಯದು."

"ಆಲೂಗಡ್ಡೆಯೂ ಉಂಟು, ಮೀನೂ ಉಂಟು. ಆದ್ರೆ ಬಂಗುಡೆ ಅಲ್ಲ. ಬಂಗುಡೆ ಆದ್ರೆ ನಾಲಿಗೆ ಮೇಲೆ ಸಂಜೆವರೆಗೂ ಉಳೀತದೆ."

ಫಾರಂನಲ್ಲೇ ಇದ್ದ ಪ್ರೊಫೆಸರ್ ಎಣ್ಣೆಯವನಿಗೆ ಫೋನ್ ಮಾಡಿದರು. ಸ್ಯಾನ್ ಡಿಯೇಗೋ ಬಂದರಿನ ಬಳಿ ಮೀನು ಕರಿಯುವ ಅಂಗಡಿಯೊಂದರ ಎಣ್ಣೆಯನ್ನೂ ಮೂರು ತಿಂಗಳಿಂದ ಸುರಿಯುತ್ತಿದ್ದುದನ್ನು ಅವನು ಒಪ್ಪಿಕೊಂಡ. ಪ್ರಾಜೆಕ್ಟ್ ಉಳಿಯಿತು. ಪ್ರೊಫೆಸರ್ ಮಾವನ ಎರಡೂ ಕೈ ಹಿಡಿದು, "ಮೀನೇ ತಿನ್ನದ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ನಮ್ಮ ಪಕ್ಕದ್ದು ಮೀನಿನ ಹೋಟೆಲ್ ಆಗಿತ್ತು" ಎಂದರು ಮಾವ ಗಂಭೀರವಾಗಿ. "ನಲವತ್ತು ವರ್ಷ ವಾಸನೆ ಸಹಿಸಿದ್ದೇನೆ."

ವಾಪಸು ಬರುವಾಗ ಫ್ರೀವೇಯಲ್ಲಿ ಟ್ರಾಫಿಕ್ ನಿಂತಿತು. ಹಿಂದಿನ ಸೀಟಿನಿಂದ ನನ್ನ ಹೆಂಡತಿ ಕೇಳಿದಳು: "ಅಪ್ಪ, ಪಕ್ಕದ ಹೋಟೆಲಿನ ವಾಸನೆ ಮೂಗಿಗೆ ಬರಬಹುದು. ಬಂಗುಡೆ ನಾಲಿಗೆ ಮೇಲೆ ಹೇಗೆ ಉಳೀತು?"

ಮಾವ ಮುಂದಿನ ಲಾರಿಯ ನಂಬರ್ ಪ್ಲೇಟನ್ನು ಎರಡೆರಡು ಸಲ ಓದಿದರು. ಆಮೇಲೆ ಹೇಳಿದರು: "ಇದನ್ನೆಲ್ಲ ಅಮ್ಮನಿಗೆ ಫೋನಲ್ಲಿ ಹೇಳ್ತಾ ಕೂತ್ಕೊಳ್ಬೇಡ ಮಗಾ. ಐಎಸ್‌ಡಿಗೆ ಸುಮ್ಮನೆ ದುಡ್ಡು ದಂಡ."