ದೊಡ್ಡವ್ವನ ಕುಂಚಿಗೆ

ಆಗ ನನಗೆ ಹತ್ತೊಂಬತ್ತು. ಐವತ್ತು ವರ್ಷದ ಹಿಂದಿನ ಮಾತು. ಕಂಪ್ಲಿಯ ನಮ್ಮ ಮನೆಯಲ್ಲಿ ಒಬ್ಬ ಹೆಂಗಸಿದ್ದರು. ಅವರು ಜನರ ಮುಖ ನೋಡಿದ್ದಕ್ಕಿಂತ ಸೆರಗಿನ ಹಿಮ್ಮೈ ನೋಡಿದ್ದೇ ಹೆಚ್ಚು. ನನ್ನ ಅತ್ತೆಯ ಅಕ್ಕ, ಎಲ್ಲರಿಗೂ ದೊಡ್ಡವ್ವ.

ಅವರಿಗೆ ಕಸೂತಿಯ ಹುಚ್ಚು. ದಾರಕ್ಕೆ ಗಂಟು ಹಾಕುವವರು ಅವರ ಲೆಕ್ಕದಲ್ಲಿ ಕಳ್ಳರಿಗೆ ಸಮ. ಬಟ್ಟೆಯ ಎಳೆ ಎಣಿಸಿ, ನಡುನಡುವೆ ಜಾಗ ಬಿಟ್ಟು ಹೊಲಿಯುತ್ತ ಹೋಗಬೇಕು. ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟಲ್ಲಿ ತುಂಬಬೇಕು. ಹಿಂದೂ ಮುಂದೂ ಒಂದೇ ಸಮ ಕಾಣಬೇಕು. ಕಾಣದಿದ್ದರೆ ಬಿಚ್ಚು! ಮದುವೆಯಾಗಿ ಬಂದ ವರ್ಷ ನಾನು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ.

ಒಮ್ಮೆ ಹೊಸಪೇಟೆ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಸೆರಗು ಇವರ ಕೈಗೆ ಸಿಕ್ಕಿತು. ಬಿಡುತ್ತಾರೆಯೇ? ತಿರುಗಿಸಿ ನೋಡಿದರು. ಆಕೆ ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನವಳು, ಏನು ಬೇಕಿತ್ತು ಎಂದು ನಯವಾಗಿಯೇ ಕೇಳಿದಳು.

“ಹಿಂದ ಕಸ ಗುಡ್ಡಿ ಹಾಕಿ ಮುಂದ ನವಿಲು ಕುಣಸೀಯಲ್ಲ ತಾಯಿ” ಅಂದರು ದೊಡ್ಡವ್ವ. ಇಳಿಯುವ ತನಕ ಆಕೆ ಸೆರಗನ್ನು ಕಂಕುಳಲ್ಲಿ ಅವುಚಿಕೊಂಡೇ ಕೂತಿದ್ದಳು.

ಇನ್ನು ಒಗೆಯುವುದು. ಊರೆಲ್ಲ ಕಾಲುವೆಯ ಕಲ್ಲಿಗೆ ಬಟ್ಟೆ ಬಡಿಯುತ್ತಿದ್ದರೆ ಇವರು ಕಸೂತಿಯನ್ನು ಅಂಟುವಾಳದ ನೊರೆಯಲ್ಲಿ ಕೂಸಿನಂತೆ ಅದ್ದಿ ಎತ್ತುತ್ತಿದ್ದರು. ಹಿಂಡುವಂತಿಲ್ಲ, ಟವೆಲ್ಲಿನಲ್ಲಿ ಸುತ್ತಿ ಒತ್ತಬೇಕು. ನೆರಳಲ್ಲಿ ಒಣಗಿಸಿ, ಹಿಂಬದಿಗಷ್ಟೇ ಇಸ್ತ್ರಿ ತಾಗಿಸಬೇಕು. ಇಷ್ಟು ಜೋಪಾನ ಮಾಡಿದ ದಿಂಬಿನ ಚೀಲದ ಮೇಲೆ ತಲೆ ಇಡಲು ಯಾರಿಗೆ ಧೈರ್ಯ? ಸಂಡೂರಿನ ಬೀಗರೊಬ್ಬರ ತಲೆಯಲ್ಲಿ ಗಣಿಯ ಧೂಳು ಇರಬಹುದೆಂದು ಮಲಗುವ ಹೊತ್ತಿಗೆ ದೊಡ್ಡವ್ವ ಹೇಳಿಬಿಟ್ಟರು. ಪಾಪ, ಆತ ದಿಂಬನ್ನು ಹಾಸಿಗೆಯ ಮೇಲೆ ಮಲಗಿಸಿ ತಾನು ಚಾಪೆಯ ಮೇಲೆ ಮಲಗಿದ.

ಅಷ್ಟರಲ್ಲಿ ನಾನು ಬಸಿರಾದೆ. ಕೂಸಿನ ತಲೆಗೆ ತೊಡಿಸುವ ಕುಂಚಿಗೆ ತಾವೇ ಹೊಲಿಯುವುದೆಂದು ದೊಡ್ಡವ್ವ ಹಟ ಹಿಡಿದರು. ಕೆಂಪು ಬಟ್ಟೆ, ಅದರ ತುಂಬ ಸಾಲು ಸಾಲು ಹಸಿರು ಗಿಳಿ. ಯಾರೂ ಮುಟ್ಟುವಂತಿಲ್ಲ. ಅದನ್ನು ಹಿಡಿದು ಅಂಗಳದ ಉರಿಬಿಸಿಲಲ್ಲಿ ಕೂಡುತ್ತಿದ್ದರು. ನೆರಳಿಗೆ ಬಾ ಎಂದು ಅತ್ತೆ ಬೈದರೆ, ಒಳಗೆ ಸೆಕೆ ಅನ್ನುತ್ತಿದ್ದರು. ತಲೆ ಕೆಟ್ಟಿದೆ ಎಂದುಕೊಂಡೆ.

ಒಂದು ಮಧ್ಯಾಹ್ನ ನೀರು ಕೊಡಲು ಹೋದವಳು ಬಗ್ಗಿ ನೋಡಿದೆ. ಆಗಷ್ಟೇ ಮುಗಿದ ಗಿಳಿ ಕರ್ರಗಿತ್ತು.

“ದೊಡ್ಡವ್ವ, ಗಿಳಿ ಸಾಲಾಗ ಈ ಕಾಗಿ ಯಾವಾಗ ಬಂತ್ರಿ?” ಎಂದು ನಕ್ಕೆ.

ಅವರು ನಗಲಿಲ್ಲ. ಕುಂಚಿಗೆಯನ್ನು ಮೂಗಿನ ತನಕ ಹಿಡಿದು ನೋಡಿದರು. ಬೆರಳಿಂದ ಸವರಿದರು. ಬಾಗಿಲ ಕಡೆ ತಿರುಗಿ, ಅತ್ತೆ ಹತ್ತಿರದಲ್ಲಿದ್ದಾಳೆಯೇ ಎಂದು ನನ್ನನ್ನೇ ಕೇಳಿದರು. ಇಲ್ಲ ಅಂದೆ.

“ಯಾರ ಮುಂದೂ ಅನಬ್ಯಾಡವ್ವ. ಕಣ್ಣು ಹೋದುವು ಅಂತ ಸೂಜಿ ಕಸಗೊಂತಾರ. ಸೂಜಿ ಇಲ್ದ ಈ ಮನ್ಯಾಗ ನಾ ಏನ್ ಮಾಡ್ಲಿ?”

ಬಿಚ್ಚಲು ಹೊರಟರು. ದಾರದ ತುದಿ ಸಿಗಲಿಲ್ಲ. ಬೆರಳು ಅಲ್ಲೇ ತಡಕುತ್ತಿತ್ತು. ನಾನು ಕೈ ಹಿಡಿದೆ.

“ಇರ್ಲಿ ಬಿಡ್ರಿ. ಕರೀದು ಒಂದು ಇದ್ರ ಕೂಸಿಗೆ ದೃಷ್ಟಿ ಆಗಂಗಿಲ್ಲ.”

“ಒಂದಾ?” ಅಂದರು. “ಚಂದಾಗಿ ನೋಡಿ ಹೇಳು.”

ಮತ್ತೊಮ್ಮೆ ನೋಡಿ, ಒಂದೇ ಅಂದೆ. ಹೊಲಿಯಲು ಇನ್ನೂ ಎರಡು ಸಾಲು ಗಿಳಿ ಬಾಕಿ ಇತ್ತು.

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯಲು ಹೋದವಳು, ಮನೆಯಲ್ಲಿದ್ದ ಕಪ್ಪು ದಾರದ ಉಂಡೆಗಳನ್ನೆಲ್ಲ ಕಾಲುವೆಗೆ ಎಸೆದು ಬಂದೆ.